ದೀಪ ಆರುವ ತನಕ ನೀರಿಗೆ ಇಳಿಯುವಂತಿಲ್ಲ

ಒಂದು ಕಡೆ ನಿಲ್ಲುವುದೆಂದರೆ ನನ್ನಿಂದ ಆಗದು. ಹೋಂಗಾರ್ಡ್ ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ಆ ಚಾಳಿ ಹೋಗಿಲ್ಲ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಡ್ಯೂಟಿ ಹಾಕಿದರೆ ಈ ಕಂಬದಿಂದ ಆ ಕಂಬಕ್ಕೆ ತಿರುಗುತ್ತಲೇ ಇರುತ್ತೇನೆ. ಶಿರಾದಲ್ಲಿ ಒಂದು ಉರುಸಿಗೆ ಹಾಕಿದ್ದಾಗ ಜೊತೆಯಲ್ಲಿದ್ದ ಶಿರಾದವಳು, ಜರಾ ಕೂತ್ಕೊಳ್ಳೇ ಮಾರಾಯ್ತಿ, ನಿನ್ನ ನೋಡಿ ನನ್ನ ತಲೆ ಸುತ್ತುತ್ತೆ ಎಂದು ಕೈ ಹಿಡಿದು ಜಗ್ಗಿದ್ದಳು. ನಾನು ಕೂರಲಿಲ್ಲ. ಇಂಥವಳನ್ನು ಒಂದು ಸಂಜೆ ನಮ್ಮೂರ ಕೆರೆಯ ಏರಿ ಮೇಲೆ ಕೆಂಪು ಬಾವುಟ, ವಿಷಲ್ ಕೊಟ್ಟು, ಬಾಣಬಿರುಸು ಮುಗಿಯುವವರೆಗೆ ಒಂದು ಹರಿಗೋಲೂ ನೀರಿಗೆ ಇಳಿಯದಂತೆ ನೋಡಿಕೋ ಎಂದು ನಿಲ್ಲಿಸಿದರು. ಆ ಸಂಜೆ ನಾನು ಅಡ್ಡ ನಿಂತು ತಡೆಯಬೇಕಾಗಿ ಬಂದದ್ದು ನನ್ನ ಮಾವನನ್ನೇ.

ನಮ್ಮೂರು ಮಧುಗಿರಿಯಿಂದ ಬಡವನಹಳ್ಳಿ ದಾಟಿ, ಶಿರಾ ದಾರಿಯಲ್ಲಿ ಸ್ವಲ್ಪ ಒಳಕ್ಕೆ ಸಿಗುತ್ತದೆ. ನಾನು ಸೊಸೆಯಾಗಿ ಬಂದಾಗ ಊರಿಗೆ ದೊಡ್ಡ ಕೆರೆ ಇದೆ ಎಂದಿದ್ದರು. ಬಂದು ನೋಡಿದರೆ ಜಾಲಿ ಕಾಡು. ಅದರ ನಡುವೆ ಬಯಲು ಮಾಡಿಕೊಂಡು ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕೆರೆಯ ನೀರನ್ನು ಕಾಲುವೆಗೆ ಬಿಡುವ ತೂಬಿನ ಮೇಲೆ ಎರಡು ಕಲ್ಲುಕಂಬಗಳಿವೆ, ನಡುವೆ ಒಂದು ಅಡ್ಡಗಲ್ಲು. ಆ ಕಂಬಕ್ಕೆ ಕುರಿ ಕಟ್ಟುತ್ತಿದ್ದರು. ಆಮೇಲೊಂದು ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ನೋಡನೋಡುತ್ತಿದ್ದ ಹಾಗೇ ಜಾಲಿ ಮುಳುಗಿತು, ಕ್ರಿಕೆಟ್ ಬಯಲು ಮುಳುಗಿತು, ಕಂಬಗಳ ತಲೆ ಮಾತ್ರ ಉಳಿದು ಕೆರೆ ಕೋಡಿ ಬಿತ್ತು. ಜನ ಬುತ್ತಿ ಕಟ್ಟಿಕೊಂಡು ಬಂದು ಏರಿ ಮೇಲೆ ಕೂತು ನೀರು ನೋಡುತ್ತಿದ್ದರು. ಸುಳ್ಳಲ್ಲ, ಬರೀ ನೀರು ನೋಡಲು ಪಾವಗಡದ ಕಡೆಯಿಂದಲೂ ನೆಂಟರು ಬಂದರು.

ನನ್ನ ಮಾವ ಈ ಕೆರೆಯ ನೀರುಗಂಟಿ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತಿರುಗಿಸುವುದು, ಏರಿಯಲ್ಲಿ ಬಿಲ ಬಿದ್ದರೆ ಮುಚ್ಚುವುದು ಅವರ ಮನೆತನದ ಕೆಲಸ. ಕೆರೆ ಒಣಗಿದ ಮೇಲೆ ಆ ಕೆಲಸ ಎಲ್ಲಿ ಬಂತು. ಕೂಲಿಗೆ ಹೋದರು, ಮಗನನ್ನು ಓದಿಸಿದರು. ಆದರೂ ಬೆಳಿಗ್ಗೆ ಎದ್ದು ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ಬರುವುದನ್ನು ಬಿಡಲಿಲ್ಲ. ನೀರೇ ಇಲ್ಲದ ಕೆರೆಗೆ ಏನು ಕಾವಲು ಎಂದು ನಾನೇ ಎಷ್ಟೋ ಸಲ ರೇಗಿಸಿದ್ದೇನೆ.

ಈ ಮನೆತನಕ್ಕೆ ಒಂದು ಹಕ್ಕಿದೆ. ಕೆರೆ ಕೋಡಿ ಬಿದ್ದ ವರ್ಷ, ಊರು ಗೊತ್ತು ಮಾಡಿದ ದಿನ, ದೀಪ ಹಚ್ಚುವ ಹೊತ್ತಿಗೆ ನೀರುಗಂಟಿ ಒಂದು ತಂಬಿಟ್ಟಿನ ದೀಪ ತೆಗೆದುಕೊಂಡು ನೀರಿನಲ್ಲಿ ಹೋಗಿ ತೂಬಿನ ಅಡ್ಡಗಲ್ಲಿನ ಮೇಲೆ ಗಂಗಮ್ಮನಿಗೆ ಹಚ್ಚಬೇಕು. ಹಚ್ಚಿ ವಾಪಸು ಬರುವ ಹಾಗಿಲ್ಲ. ಬತ್ತಿ ತಾನಾಗಿ ಆರುವ ತನಕ ಅಲ್ಲೇ ಕೂತಿರಬೇಕು. ಆ ಹೊತ್ತಿನಲ್ಲಿ ಇನ್ನು ಯಾರೂ ನೀರಿಗೆ ಕಾಲಿಡುವಂತಿಲ್ಲ. ಎಮ್ಮೆ ಸಹ ಇಳಿಸುವಂತಿಲ್ಲ. ಊರ ಗೌಡ, ಪೂಜಾರಿ, ಎಲ್ಲ ಅವರವರ ಆರತಿ ಹಿಡಿದುಕೊಂಡು ಏರಿಯ ಮೇಲೆ ಕಾಯಬೇಕು. ನಮ್ಮ ಮನೆ ಇರುವುದು ಊರ ಹೊರಗಿನ ಕೇರಿಯಲ್ಲಿ. ವರ್ಷವಿಡೀ ಎಲ್ಲದಕ್ಕೂ ಕಡೆಯಲ್ಲಿ ನಿಂತವರು ನಾವು. ಆ ಒಂದು ಹೊತ್ತು ಮಾತ್ರ ಇಡೀ ಊರು ನಮ್ಮ ದೀಪಕ್ಕೆ ಕಾಯುತ್ತದೆ. ಮಾವ ಚಿಕ್ಕಂದಿನಲ್ಲಿ ಅವರಪ್ಪನ ತೊಡೆಯ ಮೇಲೆ ಕೂತು ಹೋಗಿದ್ದರಂತೆ. ಆಮೇಲೆ ತಾವೇ ಹಚ್ಚುವ ಭಾಗ್ಯ ಅವರಿಗೆ ಬಂದೇ ಇರಲಿಲ್ಲ.

ನಮ್ಮನೆಯವರಿಗೆ ಈ ಮಾತೇ ಆಗದು. ಅವರು ತೋವಿನಕೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರು. ಬೌದ್ಧ ದೀಕ್ಷೆ ತೆಗೆದುಕೊಂಡವರು. ನಡುಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಇನ್ನೊಂದಕ್ಕೆ ಮೊಳೆ ಹೊಡೆಯಲು ಬಿಡುವುದಿಲ್ಲ. ನೀರುಗಂಟಿಕೆ ಅಂದರೆ ಬಿಟ್ಟಿ ಚಾಕರಿ, ಅದಕ್ಕೊಂದು ದೀಪ ಹಚ್ಚಿಸಿ ಮರ್ಯಾದೆ ಅಂತ ಹೇಳಿ ಮೂಗಿಗೆ ತುಪ್ಪ ಸವರಿದ್ದಾರೆ ಎಂದು ಅವರ ವಾದ. ಅಪ್ಪ ಮಗ ಈ ವಿಷಯಕ್ಕೆ ಬಂದರೆ ಮುಖ ಮುಖ ನೋಡುತ್ತಿರಲಿಲ್ಲ. ನಡುವೆ ತಟ್ಟೆ ಇಡುವವಳು ನಾನು.

ಕೆರೆ ತುಂಬಿದ ಖುಷಿಗೆ ಕಮಿಟಿಯವರು ದೀಪದ ದಿನವೇ ಹಬ್ಬ ದೊಡ್ಡದಾಗಿ ಮಾಡೋಣ ಎಂದರು. ಒಬ್ಬ ದೊಡ್ಡ ಮನುಷ್ಯರನ್ನು ಬಾಗಿನಕ್ಕೆ ಕರೆಯುವುದು, ಕತ್ತಲಾಗುತ್ತಲೇ ನೀರಿನ ನಡುವಿನಿಂದ ಬಾಣಬಿರುಸು. ಡ್ರಮ್ಮುಗಳ ಮೇಲೆ ಹಲಗೆ ಬಡಿದು ತೆಪ್ಪ ಮಾಡಿ, ಅದರ ಮೇಲೆ ಮದ್ದಿನ ಪೆಟ್ಟಿಗೆಗಳನ್ನು ಇಟ್ಟು, ದಡದಿಂದಲೇ ವೈರು ಎಳೆದು ಸ್ವಿಚ್ಚು ಒತ್ತುವುದಂತೆ. ಅದಕ್ಕೆ ಅಗ್ನಿಶಾಮಕದವರು ಬಂದು ಷರತ್ತು ಹಾಕಿದರು. ಹೊತ್ತು ಇಳಿಯುವ ಮುಂಚೆಯೇ ನೀರು ಪೂರಾ ಖಾಲಿಯಾಗಬೇಕು. ಹರಿಗೋಲು, ಟ್ಯೂಬು, ಏನೇ ತೇಲುವುದಿದ್ದರೂ ಏರಿಯ ಮೇಲೆ ಬೋರಲು ಬಿದ್ದಿರಬೇಕು. ನಾವು ಹೇಳುವ ತನಕ ಒಬ್ಬನೂ ಇಳಿಯಕೂಡದು. ಅವರಲ್ಲಿ ಹಿರಿಯರೊಬ್ಬರು ಯಾವುದೋ ಊರಿನಲ್ಲಿ ಕಂಡದ್ದನ್ನು ಹೇಳಿದರು. ನೋಡಲೆಂದು ಹರಿಗೋಲಿನಲ್ಲಿ ಹತ್ತಿರ ಹೋದವರ ಮೇಲೆ ಕಿಡಿ ಬಿದ್ದಿತ್ತಂತೆ. ಹರಿಗೋಲಿನ ತಳಕ್ಕೆ ಹಾಕುವುದು ಪ್ಲಾಸ್ಟಿಕ್ಕು, ಅದರ ಮೇಲೆ ಡಾಂಬರು. ಸುತ್ತ ನೀರಿದ್ದರೂ ಅದು ಒಲೆಯ ಹಾಗೆ ಉರಿಯಿತು ಎಂದರು. ನಾನು ಆ ಮಾತನ್ನು ಮರೆಯಲಿಲ್ಲ.

ಸಭೆಯಲ್ಲಿ ಎದ್ದು ನಿಂತು ಕೇಳಿದವಳೂ ನಾನೇ. ಮೊದಲು ನೀರುಗಂಟಿಯ ದೀಪ ಆಗಲಿ, ಅದು ಆರಿದ ಮೇಲೆ ನೀರು ಮುಚ್ಚಿ ಬಾಣ ಬಿಡಿ ಎಂದೆ. ಕಮಿಟಿಯ ಅಧ್ಯಕ್ಷರು ನಕ್ಕರು. ಬರುವವರು ದೊಡ್ಡವರು, ಅವರಿಗೆ ಇನ್ನೊಂದು ಕಡೆ ಕಾರ್ಯಕ್ರಮ ಇದೆ, ನಿಮ್ಮ ಮಾವನ ಬತ್ತಿ ಆರುವ ತನಕ ಅವರನ್ನು ಕೂರಿಸಲು ಆಗುತ್ತದಾ ಎಂದರು. ಬೇಕಾದರೆ ಮಧ್ಯಾಹ್ನವೇ ಹಚ್ಚಿಕೊಳ್ಳಲಿ ಎಂದು ಇನ್ನೊಬ್ಬರು. ನನಗೆ ಉರಿದುಹೋಯಿತು. ನಿಮ್ಮನೆ ದೀಪ ಮಧ್ಯಾಹ್ನ ಹಚ್ಚುತ್ತೀರಾ ಎಂದು ಕೇಳಿದೆ. ಯಾರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಮಾವ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಕೊನೆಗೆ ಅವರು ಆಡಿದ್ದು ಇಷ್ಟೇ.

‘ಬಾಣ ಬುಟ್ಕೊಳ್ಳಿ, ಬ್ಯಾಡ ಅನ್ನಾಕಿಲ್ಲ. ನಮ್ ದೀಪ ಮೊದ್ಲು.’

ನೋಡೋಣ ನೋಡೋಣ ಎಂದು ಸಭೆ ಮುಗಿಸಿದರು. ನೋಡೋಣ ಎಂದರೆ ಏನೆಂದು ಗೊತ್ತಿಲ್ಲದ ಊರು ಯಾವುದು. ಮಾರನೆಯ ದಿನ ನನ್ನ ಮೇಲಿನವರಿಂದ ಫೋನ್ ಬಂತು. ನೀರಿನ ಕಾವಲು ನಿನ್ನದು, ಅದೇ ಊರಿನವಳು, ಎಲ್ಲರನ್ನೂ ಬಲ್ಲೆ ಎಂದರು. ಆಗುವುದಿಲ್ಲ ಅನ್ನಬಹುದಿತ್ತು. ಯಾರೋ ಗೊತ್ತಿಲ್ಲದವರು ಬಂದು ಮಾವನ ರಟ್ಟೆ ಹಿಡಿದು ಎಳೆಯುವುದನ್ನು ನೆನೆಸಿಕೊಂಡು ಹೂಂ ಅಂದೆ.

ಹಬ್ಬದ ದಿನ ಬೆಳಿಗ್ಗೆ ಅಕ್ಕಿ ಹಿಟ್ಟು, ಬೆಲ್ಲ ಕಲಸಿ ದೀಪ ತಟ್ಟಿದವಳು ನಾನು. ಮಧ್ಯಾಹ್ನ ಯೂನಿಫಾರಂ ಹಾಕಿಕೊಂಡು ಆ ದೀಪ ನೀರಿಗೆ ಹೋಗದಂತೆ ನೋಡಿಕೊಳ್ಳಲು ಹೊರಟವಳೂ ನಾನು. ಒಂದು ತುತ್ತು ಮುದ್ದೆ ಇಳಿಯಲಿಲ್ಲ.

ನೀರು ಖಾಲಿ ಮಾಡಿಸುವುದು ಎಂದರೆ ಏನೆಂದು ಅವತ್ತು ತಿಳಿಯಿತು. ನಮ್ಮ ಕಡೆಯವರಿಗೆ ದೋಣಿ ಎಂದರೇನು ಗೊತ್ತು? ಹುಟ್ಟಿದಾಗಿನಿಂದ ಹೊಲ, ದನ, ಬೋರ್‌ವೆಲ್ ಕಂಡವರು. ಕೆರೆ ತುಂಬಿದ್ದೇ ತಡ, ಎಲ್ಲರೂ ಅಂಬಿಗರಾಗಿಬಿಟ್ಟಿದ್ದರು. ಮೀನಿನ ಗುತ್ತಿಗೆಯವರ ಹರಿಗೋಲುಗಳೇನೋ ಸರಿ. ಅದರ ಜೊತೆಗೆ ಟ್ರ್ಯಾಕ್ಟರಿನ ಟ್ಯೂಬುಗಳು, ಥರ್ಮೋಕೋಲ್ ಹಲಗೆಗಳು, ಆಲೆಮನೆಯ ಬೆಲ್ಲ ಕಾಸುವ ಕೊಪ್ಪರಿಗೆ. ಕೊಪ್ಪರಿಗೆಯಲ್ಲಿ ಒಬ್ಬ ತಾತ ಆ ದಡದ ಹಟ್ಟಿಯಿಂದ ಹಾಲಿನ ಕ್ಯಾನು ಇಟ್ಟುಕೊಂಡು ರಾಜನ ಹಾಗೆ ಬರುತ್ತಿದ್ದ. ನಾನು ವಿಷಲ್ ಊದಿ ಊದಿ ಕೆನ್ನೆ ನೋಯಿಸಿಕೊಂಡೆ. ಪೊಲೀಸಮ್ಮ ಬಂದ್ಲು, ಪೊಲೀಸಮ್ಮ ಬಂದ್ಲು ಎಂದು ಹೆಂಗಸರು ನಗುತ್ತಿದ್ದರು. ಒಬ್ಬಾಕೆ ಮೊಮ್ಮಗನ ಟ್ಯೂಬನ್ನು ಸೀರೆ ಹೊದಿಸಿ ಅದರ ಮೇಲೆ ಕೂತಿದ್ದಳು. ಎಬ್ಬಿಸಿದರೆ ಮಂಡಿ ನೋವು ಕಣಮ್ಮ ಎಂದಳು. ಅಂತೂ ಎಲ್ಲವನ್ನೂ ಎಳೆಸಿ ಬೋರಲು ಹಾಕಿಸಿ ಬಾವುಟ ನೆಟ್ಟೆ.

ಮದ್ದಿನವನು ಪಾವಗಡದ ಆಚೆಯವನು, ಅರ್ಧ ತೆಲುಗು. ತೆಪ್ಪವನ್ನು ಕೆರೆಯ ನಡುವೆ ನಿಲ್ಲಿಸಬೇಕೆಂದು ಮಾತಾಗಿತ್ತು. ಅವನ ಕಡೆಯವರು, ನಮ್ಮೂರ ಹುಡುಗರು ಸೇರಿ ಅದನ್ನು ನಡುವಿನ ತನಕ ತಳ್ಳಿಕೊಂಡು ಹೋದರು. ಅಲ್ಲಿ ಕಟ್ಟಲು ಏನಿದೆ? ನೀರು. ಒಂದಿಷ್ಟು ಹೊತ್ತು ಅಲ್ಲೇ ಸುತ್ತಿ, ಕೊನೆಗೆ ಇಡೀ ಕೆರೆಯಲ್ಲಿ ನೆಟ್ಟಗೆ ನಿಂತಿರುವುದು ತೂಬಿನ ಕಂಬ ಒಂದೇ ಎಂದು ತೆಪ್ಪವನ್ನು ವಾಪಸು ತಂದು ಅದಕ್ಕೇ ಬಿಗಿದರು. ಅದೂ ಗಿಡ್ಡ ಹಗ್ಗದಲ್ಲಿ, ಗೂಟಕ್ಕೆ ಎಮ್ಮೆ ಕಟ್ಟಿದ ಹಾಗೆ. ಎಮ್ಮೆಗೆ ಗಿಡ್ಡ ಹಗ್ಗ ಹಾಕಿದರೆ ಪಕ್ಕದ ಹೊಲಕ್ಕೆ ಬಾಯಿ ಹಾಕುವುದಿಲ್ಲ, ತೆಪ್ಪವೂ ಹಾಗೆಯೇ ಎಂದುಕೊಂಡರು. ತಾಡು, ಹಗ್ಗ, ಗಟ್ಟಿಗಾ ಕಟ್ಟಿದ್ದೀನಮ್ಮಾ, ಎಕ್ಕಡಿಕೀ ಪೋದು, ಎಲ್ಲಿಗೂ ಹೋಗಲ್ಲ ಎಂದು ಅವನು ನನಗೆ ಧೈರ್ಯ ಹೇಳಿದ. ನನಗೂ ಸರಿಯೆನಿಸಿತು. ಅಲ್ಲೇ ನಿಂತು ನೋಡುತ್ತಿದ್ದ ಮಾವನಿಗೂ ತೆಪ್ಪದ ವಿಷಯ ಏನೂ ತಿಳಿಯದು. ಅವರ ಕಣ್ಣು ಇದ್ದದ್ದು ಕಂಬದ ಮೇಲೆ. ತಾವು ದೀಪ ಇಡಬೇಕಾದ ಅಡ್ಡಗಲ್ಲಿಗೇ ಮದ್ದಿನವನ ಕಡೆಯವರು ಹಗ್ಗ ಸುತ್ತಿದ್ದರು. ಮಾವ ಟವೆಲ್ಲಿನ ತುದಿಯನ್ನು ಹಿಂಡುತ್ತಾ ನಿಂತಿದ್ದರು.

ಅಗ್ನಿಶಾಮಕದವರು ಬಂದು ನೋಡಿ ತಲೆ ತಲೆ ಚಚ್ಚಿಕೊಂಡರು. ಏರಿಗೆ ಇಷ್ಟು ಹತ್ತಿರ ಯಾರು ಕಟ್ಟಲು ಹೇಳಿದ್ದು ಎಂದು ಕೂಗಾಡಿದರು. ತಿರುಗಿ ತಳ್ಳಲು ಹೊತ್ತಿಲ್ಲ, ಬಾಗಿನಕ್ಕೆ ಬರುವ ಸಾಹೇಬರು ಮಧುಗಿರಿ ಬಿಟ್ಟರಂತೆ ಎಂದರು ಅಧ್ಯಕ್ಷರು. ಸರಿ, ತೂಬಿನ ಎದುರಿನ ಜನವನ್ನೆಲ್ಲ ಏರಿಯ ಇನ್ನೊಂದು ತುದಿಗೆ ದಬ್ಬುವ ಕೆಲಸ ನಮ್ಮ ಪಾಲಿಗೆ ಬಂತು. ಈ ಕಡೆ ಓಡು, ಆ ಕಡೆ ಓಡು. ಹಿಂದಕ್ಕೆ ಸರಿಯಿರಿ ಎಂದರೆ ನಮ್ಮ ಜನ ಒಂದು ಹೆಜ್ಜೆ ಹಿಂದೆ ಇಟ್ಟು ಎರಡು ಹೆಜ್ಜೆ ಮುಂದೆ ಬರುತ್ತಾರೆ. ನೀರು ಪೂರಾ ಖಾಲಿಯಾಗಿತ್ತು. ಹೊತ್ತು ಇಳಿಯಿತು. ಸಾಹೇಬರು ಬರಲಿಲ್ಲ.

ಮಧುಗಿರಿ ಬಿಟ್ಟವರು ಎಲ್ಲಿ ಹೋದರೋ. ಬಡವನಹಳ್ಳಿಯಲ್ಲಿ ಹಾರ ಹಾಕುತ್ತಿದ್ದಾರೆ ಎಂದು ಒಬ್ಬ, ಇಲ್ಲ ಇನ್ನೂ ಹೊರಟೇ ಇಲ್ಲ ಎಂದು ಇನ್ನೊಬ್ಬ. ಊರಿನಲ್ಲಿ ಒಂದೊಂದೇ ಮನೆಯ ದೀಪ ಹತ್ತಿತು. ಸರಿಯಾಗಿ ಅದೇ ಹೊತ್ತು. ಮಾವನ ದೀಪದ ಹೊತ್ತು. ಕೆರೆ ತಟ್ಟೆಯ ಹಾಗೆ ಖಾಲಿ ಬಿದ್ದಿದೆ, ಬಾಣ ಬಿಡುವವನು ಮರದಡಿ ಕೂತು ಟೀ ಕುಡಿಯುತ್ತಿದ್ದಾನೆ, ನಾನು ಬಾವುಟದ ಪಕ್ಕದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದೇನೆ. ಮಾವ ಬಿಳಿ ಪಂಚೆ ಉಟ್ಟು, ತಟ್ಟೆಯಲ್ಲಿ ದೀಪ ಇಟ್ಟುಕೊಂಡು, ಟವೆಲ್ ಮುಚ್ಚಿಕೊಂಡು ನನ್ನ ಎದುರಿಗೆ ಬಂದು ನಿಂತರು. ಮೀನಿನವನೊಬ್ಬನನ್ನು ಜೊತೆಗೆ ಕರೆತಂದಿದ್ದರು. ಹರಿಗೋಲು ನನ್ನ ಕಾಲ ಬಳಿಯೇ ಬೋರಲು ಬಿದ್ದಿತ್ತು.

ನೀರು ಖಾಲಿ ಐತೆ, ಅವರು ಬರುವುದರೊಳಗೆ ಹಚ್ಚಿ ಬಂದುಬಿಡುತ್ತೇನೆ ಎಂದರು. ಬತ್ತಿ ಸಣ್ಣದು ಮಾಡಿಕೊಂಡಿದ್ದೇನೆ ಎಂದು ಟವೆಲ್ ಸರಿಸಿ ತೋರಿಸಿದರು. ನಾನು ಹೊಸೆದು ಕೊಟ್ಟಿದ್ದ ಬತ್ತಿಯನ್ನು ಅರ್ಧಕ್ಕೆ ಹರಿದಿದ್ದರು. ಒಂದು ಗಳಿಗೆ, ಹೋಗಲಿ ಬಿಡು, ಯಾರು ನೋಡುತ್ತಾರೆ ಎಂದು ಹರಿಗೋಲಿನ ಅಂಚಿಗೆ ಕೈ ಹಾಕಿಯೂಬಿಟ್ಟೆ. ಆಗ ಮರದಡಿ ಇದ್ದ ಸ್ವಿಚ್ಚಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದರ ಸುತ್ತ ಅಧ್ಯಕ್ಷರ ಕಡೆಯವರು, ಮದ್ದಿನವನ ಕಡೆಯವರು, ಫೋನ್ ಹಿಡಿದುಕೊಂಡವರು. ಸಾಹೇಬರ ಕಾರಿನ ಲೈಟು ಕಂಡರೆ ಸಾಕು, ಯಾವನೋ ಒಬ್ಬ ಒತ್ತುತ್ತಾನೆ. ನೀರಿನಲ್ಲಿ ಯಾರಿದ್ದಾರೆ ಎಂದು ತಿರುಗಿ ನೋಡುವ ಪೈಕಿ ಅಲ್ಲ ಅವರು. ಕೈ ತೆಗೆದೆ. ಬ್ಯಾಡ ಮಾವ ಎಂದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ತಟ್ಟೆಯ ಮೇಲೆ ಮತ್ತೆ ಟವೆಲ್ ಮುಚ್ಚಿದರು.

‘ಅವ್ರು ತಡ್ದಿದ್ರೆ ನಾನ್ ನಿಲ್ತಿರ್ಲಿಲ್ಲ ಕಣಮ್ಮ. ನೀನ್ ತಡ್ದೆ ನೋಡು.’

ಹಾಗೆಂದು ಏರಿಯ ಕಲ್ಲೊಂದರ ಮೇಲೆ ನೀರಿಗೆ ಮುಖ ಮಾಡಿ ಕೂತರು. ನಾನು ಅಳುವ ಹಾಗೂ ಇಲ್ಲ, ತಲೆ ಮೇಲೆ ಟೋಪಿ ಇದೆ. ಯಾವನೋ ಮೊಬೈಲ್ ಎತ್ತಿಕೊಂಡು ನೀರಿನ ಅಂಚಿಗೆ ಇಳಿದಿದ್ದ, ಅವನ ಮೇಲೆ ಬಾಯಿಗೆ ಬಂದ ಹಾಗೆ ರೇಗಿದೆ. ಪಾಪ, ಅವನು ಹೆದರಿ ಒಂದು ಚಪ್ಪಲಿ ಬಿಟ್ಟು ಓಡಿದ.

ಸಾಹೇಬರು ಬಂದರು. ಬಾಗಿನ ಬಿಟ್ಟರೋ ಇಲ್ಲವೋ, ಫೋಟೋ ತೆಗೆದರೋ ಇಲ್ಲವೋ, ಮೊದಲ ಬಾಣ ಸುಯ್ಯೆಂದು ಮೇಲೆ ಹೋಗಿಯೇಬಿಟ್ಟಿತು. ನಾನು ಅಂದುಕೊಂಡ ಹಾಗೇ ಆಯಿತು. ಒಂದು ವಿಷಲ್ ಇಲ್ಲ, ಎಚ್ಚರಿಕೆ ಇಲ್ಲ. ಜನ ಹೋ ಎಂದು ಕೂಗಿದರು. ಕೆಂಪು, ಹಸಿರು, ಬಂಗಾರದ ಬಣ್ಣ, ಎಲ್ಲವೂ ನೀರಿನಲ್ಲಿ ಇನ್ನೊಂದು ಸಲ ಕಾಣುತ್ತಿತ್ತು. ಚೆನ್ನಾಗಿಲ್ಲ ಎಂದು ಹೇಗೆ ಹೇಳಲಿ, ಚೆನ್ನಾಗಿಯೇ ಇತ್ತು. ನಾನು ಮಾತ್ರ ಮೇಲೆ ನೋಡದೆ ತೆಪ್ಪವನ್ನೇ ನೋಡುತ್ತಿದ್ದೆ.

ಹೆಚ್ಚಾದ ನೀರು ಹೊರಬೀಳುವ ಕೋಡಿಯ ಕಡೆಗೆ ಕೆರೆ ಎಳೆಯುತ್ತಿತ್ತು. ಅದು ಎಳೆದ ಕಡೆಗೆ ತೆಪ್ಪ ಹೋಗಬೇಕು, ಗಿಡ್ಡ ಹಗ್ಗ ಬಿಡುತ್ತಿಲ್ಲ. ಒಂದೊಂದು ಬಾಣ ಹಾರಿದಾಗಲೂ ತೆಪ್ಪ ಜಗ್ಗಿ ಜಗ್ಗಿ, ಕೊನೆಗೆ ಒಂದು ಮಗ್ಗುಲು ಎದ್ದು ಇನ್ನೊಂದು ಮಗ್ಗುಲು ಮುಳುಗಿತು. ಪೆಟ್ಟಿಗೆಗಳು ಕಂಬದ ಕಡೆಗೆ ವಾಲಿದವು. ಆಮೇಲಿನ ಬಾಣಗಳು ಮೇಲಕ್ಕೆ ಹೋಗಲಿಲ್ಲ. ನೀರಿಗೆ ಅಂಟಿಕೊಂಡೇ ಅಡ್ಡಡ್ಡ ಹಾರಿ ನೇರ ತೂಬಿನ ಕಂಬಕ್ಕೆ ಬಡಿದವು. ಒಂದು, ಇನ್ನೊಂದು. ಅಡ್ಡಗಲ್ಲಿನ ಮೇಲೆ ಬೆಂಕಿ ಹರಡಿ ಸಿಡಿಯಿತು. ಜನ ಅದೂ ಪ್ರೋಗ್ರಾಮಿನಲ್ಲಿ ಇದ್ದದ್ದೇ ಎಂದುಕೊಂಡು ಶಿಳ್ಳೆ ಹೊಡೆದರು. ನಾನು ಬಿಟ್ಟಿದ್ದರೆ ಆ ಕಲ್ಲಿನ ಪಕ್ಕದಲ್ಲಿ, ಡಾಂಬರು ಬಳಿದ ಹರಿಗೋಲಿನಲ್ಲಿ, ಬಿಳಿ ಪಂಚೆ ಉಟ್ಟುಕೊಂಡು ಮಾವ ಕೂತಿರುತ್ತಿದ್ದರು. ನಾನು ತಿರುಗಿ ನೋಡಿದೆ. ಅವರು ಎದ್ದು ನಿಂತಿದ್ದರು.

‘ಕಂಬಕ್ಕೇನಾರ ಆಯ್ತಾ?’ ಎಂದು ಕೇಳಿದರು.

ನಿಮಗೇನಾದರೂ ಆಗಿದ್ದರೆ ಎಂದು ಕೂಗಬೇಕೆನಿಸಿತು. ಕತ್ತಲು ಮಾವ, ಕಾಣಲ್ಲ ಎಂದೆ. ಅಷ್ಟರಲ್ಲಿ ಹಗ್ಗಕ್ಕೆ ಬೆಂಕಿ ಹತ್ತಿ ಹರಿದು, ಹೊಗೆಯಾಡುತ್ತಿದ್ದ ತೆಪ್ಪ ತೇಲಿಕೊಂಡು ಹೋಗಿ ಕೋಡಿಯ ಕಲ್ಲುಗಳಿಗೆ ಸಿಕ್ಕಿಕೊಂಡು ನಿಂತಿತು. ಅಗ್ನಿಶಾಮಕದವರು ಅಲ್ಲಿಗೆ ಓಡಿ ನೀರು ಬಿಟ್ಟರು. ಸಿಡಿಯದೆ ಉಳಿದ ಮದ್ದು ಇದೆ, ಕೆರೆಯಲ್ಲಿ ಎಲ್ಲೆಲ್ಲಿ ಬಿದ್ದಿದೆಯೋ ಗೊತ್ತಿಲ್ಲ, ಬೆಳಕು ಹರಿದು ನಾವು ನೋಡುವವರೆಗೆ ಯಾರೂ ನೀರಿಗೆ ಇಳಿಯಬಾರದು ಎಂದು ಹೇಳಿದರು. ಅಲ್ಲಿಗೆ ದೀಪದ ಮಾತು ಮುಗಿಯಿತು. ಮಾವ ತಟ್ಟೆ ಎತ್ತಿಕೊಂಡು ಮನೆಗೆ ನಡೆದರು. ಸಾಹೇಬರು ಆಗಲೇ ಹೊರಟುಹೋಗಿದ್ದರು.

ಆ ರಾತ್ರಿಯ ಕಾವಲಿನಲ್ಲಿ ಸೊಳ್ಳೆ ಬಿಟ್ಟರೆ ಹೇಳುವಂಥದ್ದೇನೂ ಇಲ್ಲ. ನಮ್ಮನೆಯವರಿಗೆ ಫೋನ್ ಮಾಡಿ ಮಾವ ಊಟ ಮಾಡಿದರಾ ಎಂದು ಕೇಳಿದೆ. ಇಲ್ಲ ಎಂದರು. ಅವರ ದನಿಯೂ ಸರಿ ಇರಲಿಲ್ಲ. ಜನದ ನಡುವೆ ನಿಂತು ಅವರೂ ಕಂಬಕ್ಕೆ ಬೆಂಕಿ ಬಡಿದದ್ದನ್ನು ನೋಡಿದ್ದರು. ಬೆಳಿಗ್ಗೆ ನೀರು ತೆರೆಯುವುದು ನನ್ನ ಕೈಯಲ್ಲಿದೆ, ಆಗುವುದಾದರೆ ಮಾವನನ್ನು ಕರೆದುಕೊಂಡು ಬನ್ನಿ ಎಂದೆ. ಅಷ್ಟಕ್ಕೇ ಫೋನ್ ಇಟ್ಟರು.

ಬೆಳಿಗ್ಗೆ ಅಗ್ನಿಶಾಮಕದವರು ತೆಪ್ಪದಲ್ಲಿ ಉಳಿದದ್ದನ್ನು ಕೋಡಿಯ ಕಡೆಯಿಂದಲೇ ತೆಗೆದು, ದಡದುದ್ದಕ್ಕೂ ನೋಡಿ, ಇನ್ನು ಭಯವಿಲ್ಲ, ನೀನು ಬಾವುಟ ಇಳಿಸಬಹುದು ಎಂದು ಹೇಳಿ ಹೋದರು. ನಾನು ಇಳಿಸಲಿಲ್ಲ. ಅಷ್ಟು ಹೊತ್ತಿಗಾಗಲೇ ಅಧ್ಯಕ್ಷರು ಬಂದಿದ್ದರು. ಅವರ ಮಗಳ ಮನೆಯ ಬೀಗರು ಕೊರಟಗೆರೆಯಿಂದ ಹಬ್ಬಕ್ಕೆ ಬಂದಿದ್ದರು. ಅವರಿಗೆ ಹರಿಗೋಲಿನಲ್ಲಿ ಒಂದು ಸುತ್ತು ಹಾಕಿಸುತ್ತೇನೆಂದು ಮಾತು ಕೊಟ್ಟಿದ್ದರಂತೆ. ಬೀಗರು, ಬೀಗಿತ್ತಿ, ಇಬ್ಬರೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದುಕೊಂಡು ರೆಡಿಯಾಗಿ ನಿಂತಿದ್ದರು. ಮೀನಿನವರು ಬಲೆ ಹಿಡಿದು ನಿಂತಿದ್ದರು. ಕೊಪ್ಪರಿಗೆ ತಾತನೂ ಬಂದಿದ್ದ. ನಾನು ಊರ ಕಡೆಯ ದಾರಿ ನೋಡುತ್ತಾ ಓಡಾಡುತ್ತಿದ್ದೆ. ಬರುತ್ತಾರೋ ಇಲ್ಲವೋ. ಎಷ್ಟು ಹೊತ್ತು ತಡೆಯಲಿ ಇವರನ್ನು?

ಬೈಕಿನ ಸದ್ದಾಯಿತು. ನಮ್ಮನೆಯವರ ಹಿಂದೆ ಮಾವ ಕೂತಿದ್ದರು, ಮಡಿಲಲ್ಲಿ ತಟ್ಟೆ. ಇಳಿದು ಬಂದು ಟವೆಲ್ ತೆಗೆದರು. ತಂಬಿಟ್ಟಿನ ದೀಪ ರಾತ್ರಿಯೆಲ್ಲ ಒಣಗಿ ಸೀಳಿತ್ತು. ಸೀಳಿದ ಕಡೆ ಯಾರೋ ಹಿಟ್ಟು ಕಲಸಿ ಮೆತ್ತಿದ್ದರು. ದಪ್ಪ ಹೆಬ್ಬೆರಳಿನ ಗುರುತು ಹಾಗೇ ಇತ್ತು. ಮಾವನ ಬೆರಳಲ್ಲ ಅದು, ಅವರ ಬೆರಳು ಕಡ್ಡಿಯ ಹಾಗಿವೆ. ನಾನು ನಮ್ಮನೆಯವರ ಮುಖ ನೋಡಿದೆ. ಅವರು ಬೈಕಿನ ಸ್ಟ್ಯಾಂಡ್ ಸರಿಯಾಗಿ ಹಾಕಿದೆಯಾ ಎಂದು ಬಗ್ಗಿ ನೋಡುತ್ತಿದ್ದರು. ಹೊಸ ಬತ್ತಿ ಬಿದ್ದಿತ್ತು, ಉದ್ದದ್ದು.

‘ಬೆಳಕಾಗೋಗೈತಲ್ಲ ಮಾವ, ಪರ್ವಾಗಿಲ್ವಾ?’ ಎಂದೆ.

‘ಬೆಳಕೋ ಕತ್ಲೋ, ಬುಡು ಅತ್ಲಾಗಿ. ಊರು ಕಾಯ್ತದಾ, ಅದೇಳು.’

‘ಕಾಯ್ತದೆ. ನಾನಿದೀನಲ್ಲ.’

ಮೀನಿನವನಿಗೆ ಕಣ್ಣು ಸನ್ನೆ ಮಾಡಿದೆ. ಒಂದು ಹರಿಗೋಲು ಮಗುಚಿ ನೀರಿಗೆ ಬಿಟ್ಟರು. ಮಾವನನ್ನು ಕೈ ಹಿಡಿದು ಕೂರಿಸಿದೆ. ಅದು ತಿರುಗುತ್ತಾ ತಿರುಗುತ್ತಾ ಹೋಗಿ ಕಂಬ ಮುಟ್ಟಿತು. ಮಾವ ಮೊದಲು ಟವೆಲ್ ಒದ್ದೆ ಮಾಡಿ ಮಸಿ ಹಿಡಿದಿದ್ದ ಅಡ್ಡಗಲ್ಲನ್ನು ಒರೆಸಿದರು. ಎಮ್ಮೆಯ ಮೈ ತಿಕ್ಕುವ ಹಾಗೆ ನಿಧಾನಕ್ಕೆ ತಿಕ್ಕಿದರು. ಆಮೇಲೆ ದೀಪ ಇಟ್ಟು, ಗಾಳಿಗೆ ಬೆನ್ನು ಕೊಟ್ಟು ಕಡ್ಡಿ ಗೀರಿದರು.

ಅಧ್ಯಕ್ಷರು ಇನ್ನೊಂದು ಹರಿಗೋಲಿನ ಕಡೆ ನಡೆದರು. ವಿಷಲ್ ಊದಿದೆ. ಅವರು ಬೆಚ್ಚಿ ನಿಂತು, ಫೈರ್‌ನವರು ಬಿಡಬಹುದು ಅಂದ್ರಲ್ಲಮ್ಮ, ನಿನ್ನೆ ಬಾಣಕ್ಕೆ ಮುಚ್ಚಿದಿರಿ ಸರಿ, ಇವತ್ತು ಯಾತಕ್ಕೆ ಎಂದು ಕೇಳಿದರು. ಬೀಗರ ಎದುರಿಗೆ ಅವರ ಮುಖ ಕೆಂಪಾಗಿತ್ತು.

‘ನಿನ್ನೆ ನಿಮ್ ಬೆಂಕಿ ಆರೋಗಂಟ ನಾವು ಕಾದ್ವಿ. ಇವತ್ತು ನಮ್ದು ಆರೋಗಂಟ ನೀವು ಕಾಯ್ರಿ’ ಎಂದೆ.

ಜಾಗ ಬಿಟ್ಟು ಕದಲಲಿಲ್ಲ. ಮೇಲಿನವರಿಗೆ ಫೋನ್ ಮಾಡುತ್ತೇನೆ ಎಂದರು. ಮಾಡಿ ಎಂದೆ. ಮಾಡಲಿಲ್ಲ. ಕೊಪ್ಪರಿಗೆ ತಾತ ಎಲ್ಲರಿಗಿಂತ ಮೊದಲು ಚಪ್ಪಲಿ ಬಿಟ್ಟು ಕೆಳಗೆ ಕೂತ. ನಿಮ್ಮ ಮಾವನ ಅಪ್ಪ ಹಚ್ಚಿದಾಗಲೂ ಇಲ್ಲೇ ಕೂತಿದ್ದೆ ಎಂದ. ಮೀನಿನವರು ಬಲೆ ಇಳಿಸಿದರು. ಹೆಂಗಸರು ಒಬ್ಬೊಬ್ಬರೇ ಬಂದು ಸೇರಿಕೊಂಡರು. ಬಿಸಿಲು ಏರುತ್ತಾ ಹೋಯಿತು. ಉದ್ದದ ಬತ್ತಿ, ಬೇಗ ಮುಗಿಯುವಂಥದ್ದಲ್ಲ. ಬೀಗರು ಜಾಕೆಟ್ಟಿನೊಳಗೆ ಬೆವೆಯುತ್ತಿದ್ದರು.

ಅಧ್ಯಕ್ಷರು ಕೊನೆಗೆ ನಮ್ಮನೆಯವರ ಹತ್ತಿರ ಹೋದರು. ಮೇಷ್ಟ್ರೇ, ನೀವು ಓದಿದವರು, ಇದನ್ನೆಲ್ಲ ನಂಬುವವರಲ್ಲ, ನೀವಾದರೂ ನೋಡಿ ಹೇಳಿ, ಆ ದೀಪ ಆರಿದೆಯಾ ಇಲ್ಲವಾ ಎಂದರು. ಎಲ್ಲರೂ ನಮ್ಮನೆಯವರ ಕಡೆ ತಿರುಗಿದರು. ಈ ದೀಪದ ಬಗ್ಗೆ ಅವರು ಮನೆಯಲ್ಲಿ ಆಡಿದ ಮಾತುಗಳೆಲ್ಲ ನನಗೆ ಗೊತ್ತು.

ಅವರು ಕನ್ನಡಕ ತೆಗೆದರು, ಅಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡು ತೂಬಿನ ಕಡೆ ನೋಡಿದರು. ನೀರಿನ ಮೇಲೆ ಬಿಸಿಲು ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ಅಲ್ಲಿಂದ ದೀಪ ಇರಲಿ, ಮಾವನ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಅವರು ಬಹಳ ಹೊತ್ತು ನೋಡಿದರು.

‘ಇನ್ನೂ ಉರೀತೈತೆ’ ಎಂದರು.

ಬೀಗರು ಲೈಫ್ ಜಾಕೆಟ್ ಬಿಚ್ಚಿ ಏರಿಯ ಕಲ್ಲಿನ ಮೇಲೆ ಕೂತರು. ನಾನೂ ಕೂತೆ.